ಮೂವರ ಲೇನಿನ ಆರ್ನೆಟಾ

ಕಾರಿನಲ್ಲಿ ಕೂತ ಕೂಡಲೇ ಹೊರಟುಬಿಡುವ ಅಭ್ಯಾಸ ಆರ್ನೆಟಾ ಪುಲಿಯಮ್‌ಗೆ ಇರಲಿಲ್ಲ. ಇಂಜಿನ್ ಚಾಲೂ ಮಾಡಿ, ಗಾಜಿನ ಮೇಲಿನ ಮಂಜು ಕರಗುವವರೆಗೆ ಎರಡೂ ಕೈಗಳನ್ನು ಸ್ಟೇರಿಂಗಿನ ಮೇಲಿಟ್ಟು ಕಣ್ಣು ಮುಚ್ಚುತ್ತಿದ್ದಳು. "ಸ್ವಾಮಿ, ಇವತ್ತು ಯಾರೋ ಇಬ್ಬರು ನನ್ನ ಗಾಡೀಲಿ ಕೂರ್ತಾರೆ. ಅವರ ಹೆಸರು ನನಗೆ ಗೊತ್ತಿಲ್ಲ, ನಿನಗೆ ಗೊತ್ತು. ಅವರನ್ನ ನೆಟ್ಟಗೆ ಮುಟ್ಟಿಸು." ಅಷ್ಟೇ ಪ್ರಾರ್ಥನೆ. ಬೇಸಿಗೆಯಲ್ಲಿ ಮಂಜು ಇಲ್ಲದಿದ್ದರೂ ಅಷ್ಟು ಹೊತ್ತು ಕೂರುತ್ತಿದ್ದಳು. ಜ್ವರ ಬಂದ ದಿನವೂ ಬಿಟ್ಟಿರಲಿಲ್ಲ, ಗಂಡ ಲೆಮ್ಯುಯೆಲ್ ತೀರಿಹೋದ ಮರುವಾರ ಮತ್ತೆ ಕೆಲಸಕ್ಕೆ ಹೊರಟ ದಿನವೂ ಬಿಟ್ಟಿರಲಿಲ್ಲ.

ಅವಳಿದ್ದ ಊರು ಡಂಫ್ರೀಸ್‌ನಿಂದ ವಾಷಿಂಗ್ಟನ್ನಿಗೆ ಮೂವತ್ತು ಮೈಲಿ. ಹೆದ್ದಾರಿಯ ನಟ್ಟನಡುವೆ ಗೋಡೆ ಕಟ್ಟಿ ಎರಡು ಲೇನುಗಳನ್ನು ಬೇರೆ ಮಾಡಿದ್ದರು. ಬೆಳಗಿನ ಆರರಿಂದ ಒಂಬತ್ತರವರೆಗೆ, ಸಂಜೆ ಮರಳುವ ಹೊತ್ತಿನಲ್ಲೂ, ಕಾರಿನಲ್ಲಿ ಮೂರು ತಲೆ ಇದ್ದರೆ ಮಾತ್ರ ಅದರೊಳಗೆ ಪ್ರವೇಶ. ಒಳಗೆ ನಲವತ್ತು ನಿಮಿಷದ ದಾರಿ, ಹೊರಗಿನ ಸಾಮಾನ್ಯ ಲೇನುಗಳಲ್ಲಿ ಒಂದೂಮುಕ್ಕಾಲು ಗಂಟೆಯ ದಾರಿ. ಹಾಗಾಗಿ ಮುಚ್ಚಿಹೋದ ಒಂದು ಚಪ್ಪಲಿ ಅಂಗಡಿಯ ಮುಂದಿನ ಬಯಲಿನಲ್ಲಿ ದಿನಾ ಬೆಳಗ್ಗೆ ಎರಡು ಸಾಲು ಕಟ್ಟುತ್ತಿದ್ದವು. ಒಂದು ಮನುಷ್ಯರ ಸಾಲು, ಒಂದು ಕಾರುಗಳ ಸಾಲು. ಕಾರಿನವರು ಕಿಟಕಿ ಇಳಿಸಿ ಇಳಿಯುವ ಜಾಗ ಕೂಗುತ್ತಿದ್ದರು, ಸಾಲಿನ ಮುಂದಿದ್ದ ಇಬ್ಬರು ಹತ್ತಿ ಕೂರುತ್ತಿದ್ದರು. ಕಾಸು ಕೊಡುವ ಹಾಗಿಲ್ಲ, ಕೇಳುವ ಹಾಗೂ ಇಲ್ಲ. ಡ್ರೈವರು ಮಾತಾಡಿಸದ ಹೊರತು ಹತ್ತಿದವರು ಮಾತಾಡಬಾರದು. ಇಳಿಯುವಾಗ ಒಂದು ಥ್ಯಾಂಕ್ಸ್. ಇದನ್ನೆಲ್ಲ ಯಾರೂ ಬರೆದಿಟ್ಟಿರಲಿಲ್ಲ, ಯಾವ ಪೊಲೀಸರೂ ಕಾಯುತ್ತಿರಲಿಲ್ಲ. ಆದರೂ ಅಪರಿಚಿತರು ಅಪರಿಚಿತರ ಕಾರಿನಲ್ಲಿ ಕೂತು ಇಪ್ಪತ್ತು ವರ್ಷದಿಂದ ಹೋಗಿ ಬರುತ್ತಿದ್ದರು.

ಎಲ್ಲಕ್ಕಿಂತ ದೊಡ್ಡ ನಿಯಮ ಇನ್ನೊಂದಿತ್ತು. ಸಾಲಿನಲ್ಲಿ ಹೆಂಗಸನ್ನು ಒಬ್ಬಳನ್ನೇ ಬಿಟ್ಟು ಹೋಗಬಾರದು. ಕೊನೆಗೆ ಒಬ್ಬಳೇ ಉಳಿದರೆ ಇಬ್ಬರ ಜೊತೆ ಮೂರನೆಯವಳಾಗಿ ಅವಳನ್ನೂ ಹತ್ತಿಸಿಕೊಳ್ಳಬೇಕು. ಅದು ಕಾರಿನವರ ಹೊಣೆ.

ಆರ್ನೆಟಾಗೆ ಹೆದ್ದಾರಿಯ ನಡತೆ ಕಲಿಸಿದ್ದು ಲೆಮ್ಯುಯೆಲ್. ಅವನು ಮೂವತ್ತು ವರ್ಷ ಲಾರಿ ಓಡಿಸಿದವನು. "ಎಡಗಡೆ ಲೇನು ನೆಂಟರ ಮನೆ ಇದ್ದ ಹಾಗೆ, ಆರ್ನಿ. ಹೋಗು, ಮುಂದಿನ ಗಾಡಿ ದಾಟು, ಎದ್ದು ಬಾ. ಅಲ್ಲೇ ಕಾಲು ಚಾಚ್ಕೊಂಡು ಕೂತ್ರೆ ಮರ್ಯಾದೆ ಇರಲ್ಲ" ಎನ್ನುತ್ತಿದ್ದ. ಆಕೆ ಹಾಗೇ ನಡೆದುಕೊಂಡಳು. ಬಲಗಡೆ ಅರವತ್ತರಲ್ಲಿ ಹೋಗುತ್ತಿದ್ದಳು, ದಾಟಬೇಕಾದರೆ ದಾಟಿ ಬಲಕ್ಕೆ ಬರುತ್ತಿದ್ದಳು. ರೇಡಿಯೋದಲ್ಲಿ ಭಜನೆಯ ಹಾಡು ಸಣ್ಣಗೆ ಇರುತ್ತಿತ್ತು. ಸಾಲಿನವರಿಗೆ ಅವಳ ಬೂದುಬಣ್ಣದ ಕಾರು ಎಂದರೆ ಇಷ್ಟ. ಹತ್ತಿದ ಐದೇ ನಿಮಿಷಕ್ಕೆ ನಿದ್ದೆಹೋಗುತ್ತಿದ್ದರು. ನಿದ್ದೆ ಮಾಡುವವರನ್ನು ಹೊತ್ತು ಓಡಿಸುವುದು ಆಕೆಗೂ ಇಷ್ಟವಿತ್ತು.

ಆಕೆಗೆ ಆಗ ಐವತ್ತೇಳು. ವಾಷಿಂಗ್ಟನ್ನಿನ ಒಂದು ದೊಡ್ಡ ಕಚೇರಿಯಲ್ಲಿ ಟೆಲಿಫೋನ್ ಬೋರ್ಡಿನ ಮುಂದೆ ಕೂರುವ ಕೆಲಸ. ಏಳೂವರೆಗೆ ಸರಿಯಾಗಿ ಹೋಗಿ ಕೂರಬೇಕು. ಆಕೆ ಕೂರುವ ತನಕ ರಾತ್ರಿ ಪಾಳಿಯ ಓಗಲ್‌ಟ್ರೀ ಏಳುವ ಹಾಗಿಲ್ಲ. ಬರುವ ಜೂನ್‌ಗೆ ಹೊಸ ಯಂತ್ರ ಬರುತ್ತದೆ, ಬೆಳಗಿನ ಪಾಳಿಯ ಇಬ್ಬರಲ್ಲಿ ಒಬ್ಬರನ್ನೇ ಇಟ್ಟುಕೊಳ್ಳುತ್ತೇವೆ, ಮೂರು ಸಲ ತಡವಾಗಿ ಬಂದ ಚೀಟಿ ಯಾರ ಹೆಸರಿನಲ್ಲಿರುತ್ತದೋ ಅವರು ಮೊದಲು ಹೋಗುತ್ತಾರೆ ಎಂದು ಮೇಲ್ವಿಚಾರಕ ಹೇಳಿಬಿಟ್ಟಿದ್ದ. ಅಕ್ಟೋಬರಿನಲ್ಲಿ ಹೆದ್ದಾರಿಯಲ್ಲಿ ಟ್ಯಾಂಕರು ಮಗುಚಿದ ದಿನ ಆರ್ನೆಟಾಗೆ ಒಂದು ಚೀಟಿ ಬಂದಿತ್ತು. ಪಿಂಚಣಿಗೆ ಇನ್ನೂ ಮೂರು ವರ್ಷವಿತ್ತು. ಈ ವಯಸ್ಸಿನಲ್ಲಿ ಬೇರೆ ಯಾರೂ ಕುರ್ಚಿ ಕೊಡುವುದಿಲ್ಲವೆಂದು ಆಕೆಗೆ ಚೆನ್ನಾಗಿ ಗೊತ್ತಿತ್ತು.

ಜನವರಿಯ ಆ ಗುರುವಾರ ರಾತ್ರಿಯೆಲ್ಲ ಹಿಮಮಳೆ ಬಿದ್ದು ರಸ್ತೆ ಗಾಜಿನ ಹಾಗಾಗಿತ್ತು. ಸರ್ಕಾರಿ ಕಚೇರಿಗಳು ಎರಡು ಗಂಟೆ ತಡವಾಗಿ ತೆರೆಯುತ್ತವೆ ಎಂದು ರೇಡಿಯೋ ಹೇಳಿತು. ಟೆಲಿಫೋನ್ ಬೋರ್ಡಿಗೆ ಆ ಸವಲತ್ತಿಲ್ಲ. ಆರ್ನೆಟಾ ಕಾರಿನ ಮೇಲಿನ ಹಿಮ ಕೆರೆದು, ಕೂತು, ಇಬ್ಬರ ಹೆಸರಿಲ್ಲದ ಪ್ರಾರ್ಥನೆ ಮಾಡಿ, ಚಪ್ಪಲಿ ಅಂಗಡಿಯ ಬಯಲಿಗೆ ಬರುವಾಗ ಆರೂ ನಲವತ್ತಾಗಿತ್ತು. ಇನ್ನೂ ಕತ್ತಲೆ. ಕಾರುಗಳ ಸಾಲೇ ಇರಲಿಲ್ಲ. ಮನುಷ್ಯರ ಸಾಲಿನಲ್ಲಿ ಮೂವರೇ ಇದ್ದರು. ಮುಂದೆ ಇಬ್ಬರು ಗಂಡಸರು, ಹಿಂದೆ ತೆಳುವಾದ ಕೋಟು ಹಾಕಿದ ಒಬ್ಬ ಹುಡುಗಿ.

ಕಾರಿನ ಹಿಂದಿನ ಸೀಟಿನಲ್ಲಿ ಆರು ರಟ್ಟಿನ ಪೆಟ್ಟಿಗೆಗಳಿದ್ದವು. ಪೆಟ್ಟಿಗೆ ತುಂಬ ತಗಡಿನ ಡಬ್ಬಗಳು. ಹುರುಳಿಕಾಯಿ, ಜೋಳ, ಪೀಚ್ ಹಣ್ಣು. ಕ್ರಿಸ್‌ಮಸ್ ವಾರದಲ್ಲಿ ಚರ್ಚಿನವರು ಬಡವರಿಗೆಂದು ಕೂಡಿಸಿದ್ದು. ಉಗ್ರಾಣಕ್ಕೆ ಮುಟ್ಟಿಸುತ್ತೇನೆ ಎಂದು ಒಪ್ಪಿಕೊಂಡವಳು ಆರ್ನೆಟಾ. ಈ ಭಾನುವಾರ, ಮುಂದಿನ ಭಾನುವಾರ ಎಂದು ಮೂರು ವಾರ ಕಳೆದಿತ್ತು. ಮಂಡಿನೋವು ಒಂದು ನೆಪ, ದಣಿವು ಇನ್ನೊಂದು. ಪೆಟ್ಟಿಗೆಗಳು ಹಿಂದಿನ ಸೀಟಿನ ಮುಕ್ಕಾಲು ಭಾಗ ಹಿಡಿದಿದ್ದವು.

ಒಬ್ಬ ಗಂಡಸು ಮುಂದೆ ಕೂತ. ಹ್ಯಾಟು ಹಾಕಿದ್ದ ಇನ್ನೊಬ್ಬ ಹಿಂದೆ ಪೆಟ್ಟಿಗೆಗಳ ಪಕ್ಕ ಮೈ ಮುದುಡಿಕೊಂಡು ತೂರಿಕೊಂಡ. ಮೂರನೆಯವರಿಗೆ ಜಾಗವಿರಲಿಲ್ಲ. ಡಿಕ್ಕಿಯಲ್ಲಿ ಹಿಮ ಕರಗಿಸಲು ಚೆಲ್ಲುವ ಉಪ್ಪಿನ ಚೀಲ, ಲೆಮ್ಯುಯೆಲ್‌ನ ಸಾಮಾನಿನ ಪೆಟ್ಟಿಗೆ ಇದ್ದವು. ಅವನ್ನು ಸರಿಸಿ ಡಬ್ಬಗಳನ್ನು ಅಲ್ಲಿಗೆ ಹಾಕಬೇಕಾದರೆ ಐದು ನಿಮಿಷವಾದರೂ ಬೇಕು. ಆರ್ನೆಟಾ ಗಡಿಯಾರ ನೋಡಿದಳು.

"ಹಿಂದೆ ಬೇರೆ ಗಾಡಿ ಬರ್ತಾವೆ ಬಿಡಿ" ಎಂದ ಹ್ಯಾಟಿನವನು.

ಆಕೆ ಕಿಟಕಿ ಇಳಿಸಿದಳು. "ಈಗ ಬರ್ತಾರೆ ಮಗಳೇ ಯಾರಾದ್ರೂ."

"ಪರವಾಗಿಲ್ಲ ಮ್ಯಾಮ್, ನೀವು ಹೋಗಿ" ಎಂದಳು ಹುಡುಗಿ. ಅವಳು ಸಾಲಿಗೆ ಹೊಸಬಳು. ತನ್ನ ಪರವಾಗಿ ಒಂದು ನಿಯಮವಿದೆ ಎಂದೇ ಅವಳಿಗೆ ಗೊತ್ತಿರಲಿಲ್ಲ.

ಕಾರಿನೊಳಗಿದ್ದ ಮೂವರಿಗೂ ಅದು ಗೊತ್ತಿತ್ತು. ಆರ್ನೆಟಾ ಕಾರು ಬಿಟ್ಟಳು. ಏಳು ಇಪ್ಪತ್ತೊಂಬತ್ತಕ್ಕೆ ಬೋರ್ಡಿನ ಮುಂದೆ ಕೂತು, ಒಂದು ನಿಮಿಷ ಮೊದಲೇ ಮುಟ್ಟಿಸಿದೆಯಲ್ಲ ಸ್ವಾಮಿ ಎಂದು ದೇವರಿಗೆ ವಂದಿಸಿದಳು.

ಶುಕ್ರವಾರ ಬಿಸಿಲು ಬಂತು, ಸಾಲು ಮೊದಲಿನಷ್ಟೇ ಉದ್ದವಾಯಿತು. ಆರ್ನೆಟಾಳ ಸರದಿ ಬಂದಾಗ ಕಿಟಕಿ ಇಳಿಸಿ ಕೂಗಿದಳು, "ಹದಿನಾಲ್ಕನೇ ಬೀದಿ!"

ಸಾಲಿನ ಮುಂದಿದ್ದವನು ಡೆನ್ಸಿಲ್ ವರ್ಲಿ. ಸೈನ್ಯದಿಂದ ನಿವೃತ್ತನಾದವನು. ಎಲ್ಲರೂ ಸಾರ್ಜೆಂಟ್ ಎನ್ನುತ್ತಿದ್ದರು. ಹೊಸಬರಿಗೆ ಸಾಲಿನ ನಿಯಮ ಹೇಳಿಕೊಡುವವನು ಅವನೇ. ಎಷ್ಟೋ ಸಲ ಇದೇ ಕಾರಿನಲ್ಲಿ ಗೊರಕೆ ಹೊಡೆದವನು. ಅವನು ಬಗ್ಗಿ ಹಿಂದಿನ ಸೀಟು ನೋಡಿದ. ಪೆಟ್ಟಿಗೆಗಳು ಹಾಗೇ ಇದ್ದವು.

"ಗುಡ್ ಮಾರ್ನಿಂಗ್ ಮಿಸ್ ಪುಲಿಯಮ್" ಎಂದ. "ನಾನು ಮುಂದಿನ ಗಾಡಿಗೆ ಕಾಯ್ತೀನಿ."

ಆಕೆಗೆ ಅರ್ಥವಾಗಲಿಲ್ಲ. ಅವನ ಹಿಂದಿನವಳನ್ನು ನೋಡಿದಳು. "ನಾನೂ ಕಾಯ್ತೀನಿ" ಎಂದಳು ಅವಳು. ಅವಳ ಹಿಂದಿನವನು ಒಂದು ಹೆಜ್ಜೆ ಹಿಂದೆ ಸರಿದ. ಹೀಗೆ ಎಂಟು ಹತ್ತು ಜನ. ನಿನ್ನೆ ಹ್ಯಾಟು ಹಾಕಿದ್ದವನು ಸಾಲಿನ ಮಧ್ಯದಲ್ಲಿ ನಿಂತು ತನ್ನ ಬೂಟನ್ನೇ ನೋಡಿಕೊಳ್ಳುತ್ತಿದ್ದ.

"ಏನಾಯ್ತು ಸಾರ್ಜೆಂಟ್?"

"ಆ ಹುಡುಗಿ ಹೆಸರು ಟ್ವೈಲಾ ಬ್ರಾಂಟ್ಲಿ" ಎಂದ ಡೆನ್ಸಿಲ್. ದನಿ ಏರಿಸಲಿಲ್ಲ. "ನಿನ್ನೆ ನೀವು ಹೋದ ಮೇಲೆ ಒಂದು ಗಂಟೆ ಹತ್ತು ನಿಮಿಷ ಸಾಲಿಗೆ ಯಾವ ಗಾಡೀನೂ ಬರಲಿಲ್ಲ. ಎಲ್ಲರಿಗೂ ಎರಡು ಗಂಟೆ ರಜಾ ಇತ್ತಲ್ಲ. ಆ ಹೊತ್ತಲ್ಲಿ ಬಂದವನು ಒಬ್ಬನೇ. ಜಾಗ ಕೂಗಲಿಲ್ಲ, ಎಲ್ಲಿಗೆ ಹೋಗ್ಬೇಕು ಬಾ ಬಾ ಅಂದನಂತೆ. ಮೂರು ಸುತ್ತು ಹಾಕಿದನಂತೆ. ಹುಡುಗಿ ಹೆದರಿ ಪೆಟ್ರೋಲ್ ಬಂಕಿನ ಕಡೆ ಓಡಿದಾಳೆ. ಐಸ್ ಮೇಲೆ ಬಿದ್ದು ಮಣಿಕಟ್ಟು ಮುರೀತು. ನಾನು ಎಂಟು ಗಂಟೆಗೆ ಬಂದಾಗ ಬಂಕಿನಲ್ಲಿ ಒಂದು ಕ್ರೇಟಿನ ಮೇಲೆ ಕೂತಿದ್ಲು. ಬಿಟ್ಟು ಹೋದೋರು ಯಾರಮ್ಮ ಅಂತ ಕೇಳಿದ್ರೆ ಹೆಸರು ಗೊತ್ತಿಲ್ಲ, ಹಿಂದಿನ ಸೀಟಲ್ಲಿ ಡಬ್ಬ ತುಂಬಿದ್ವು ಅಂದ್ಲು."

ಹಿಂದಿನ ಕಾರಿನವರು ಹಾರ್ನ್ ಮಾಡಿದರು. ಆರ್ನೆಟಾ ಸಾಲಿನಿಂದ ಹೊರಗೆ ಬಂದಳು.

ಆವತ್ತು ಸಾಮಾನ್ಯ ಲೇನಿನಲ್ಲಿ ಆಮೆಯ ಹಾಗೆ ತೆವಳುತ್ತ ಹೋದಳು. ಗೋಡೆಯ ಆಚೆ ಮೂವರ ಲೇನಿನ ಕಾರುಗಳು ಸುಯ್ಯೆಂದು ಹೋಗುತ್ತಿದ್ದವು. ಕಚೇರಿ ಮುಟ್ಟಿದಾಗ ಎಂಟೂ ಇಪ್ಪತ್ತು. ಓಗಲ್‌ಟ್ರೀ ಊದಿದ ಕಾಲಿನಿಂದ ಬೂಟು ಬಿಚ್ಚಿ ಬರಿ ಸಾಕ್ಸಿನಲ್ಲಿ ಕೂತಿದ್ದ. ಎರಡನೆಯ ಚೀಟಿ ಮೇಜಿನ ಮೇಲೆ ಆಗಲೇ ಬಂದಿತ್ತು. ಇನ್ನೊಂದು ಬಂದರೆ ಕುರ್ಚಿ ಹೋಯಿತು.

ಸಂಜೆ ನೇರವಾಗಿ ಉಗ್ರಾಣಕ್ಕೆ ಹೋಗಿ ಆರೂ ಪೆಟ್ಟಿಗೆ ಇಳಿಸಿದಳು. ನಾಲ್ಕೇ ನಿಮಿಷ ಹಿಡಿಯಿತು.

ಸೋಮವಾರ ಹತ್ತು ಮೈಲಿ ದಕ್ಷಿಣದ ಇನ್ನೊಂದು ಬಯಲಿಗೆ ಹೋದಳು. ಅಲ್ಲಿ ಆಕೆಯ ಗುರುತು ಯಾರಿಗೂ ಇರಲಿಲ್ಲ. ಇಬ್ಬರು ಹತ್ತಿದರು. ಮುಂದೆ ಕೂತವಳು ಬಾಯಿ ಬಿಗಿಹಿಡಿಯಲಾರದ ಹೆಂಗಸು. ಆರ್ನೆಟಾ ಚಳಿಯ ಬಗ್ಗೆ ಒಂದು ಮಾತಾಡಿದ್ದೇ ತಡ, ಶುರುಮಾಡಿದಳು.

"ಕೇಳಿದ್ರಾ ಮ್ಯಾಮ್, ಚಪ್ಪಲಿ ಅಂಗಡಿ ಸಾಲಲ್ಲಿ ಏನಾಯ್ತು ಅಂತ? ಯಾರೋ ಮುದುಕಿ, ಕತ್ತಲಲ್ಲಿ ಒಂದು ಹುಡುಗೀನ ಒಬ್ಬಳನ್ನೇ ಬಿಟ್ಟು ಹೋದಳಂತೆ. ಅಂಥವರಿಗೆ ಎದೆ ಅನ್ನೋದಿರುತ್ತಾ ಹೇಳಿ? ಡಬ್ಬಗಳಿಗೆ ಜಾಗ ಇತ್ತಂತೆ, ಹುಡುಗಿಗೆ ಇರಲಿಲ್ಲವಂತೆ!"

ಆರ್ನೆಟಾ ಕನ್ನಡಿಯಲ್ಲಿ ಹಿಂದೆ ನೋಡಿದಳು. ಮುಂದಿನ ಲಾರಿಯನ್ನು ದಾಟಿ ಬಲಕ್ಕೆ ಬಂದಳು. ಆಮೇಲೆ ಹೇಳಿದಳು.

"ನಾನೇ ಅವಳು."

ಪೆಂಟಗನ್ ಹತ್ತಿರ ಕಾರು ನಿಲ್ಲಿಸಿದಳು. ಹಿಂದೆ ಕೂತಿದ್ದ ಮುದುಕ ಇಳಿಯುವಾಗ ಮೆಲ್ಲಗೆ ಥ್ಯಾಂಕ್ಸ್ ಹೇಳಿದ. ಹೆಂಗಸು ಹೇಳಲಿಲ್ಲ, ಬಾಗಿಲನ್ನೂ ಪೂರ್ತಿ ಹಾಕದೆ ಹೋದಳು. ಆರ್ನೆಟಾ ಬಗ್ಗಿ ಬಾಗಿಲು ಎಳೆದುಕೊಂಡಳು. ಆ ಬಯಲಿಗೆ ಮತ್ತೆ ಹೋಗಲಿಲ್ಲ.

ಕಾರನ್ನು ಬಿಟ್ಟು ತಾನೇ ಸಾಲಿನಲ್ಲಿ ನಿಂತು ಬೇರೆಯವರ ಕಾರು ಹತ್ತಬಹುದಿತ್ತು. ಯಾರೂ ಬೇಡವೆನ್ನುತ್ತಿರಲಿಲ್ಲ. ಆದರೆ ಆ ಜನರ ಬೆನ್ನ ಹಿಂದೆ ಅರ್ಧ ಗಂಟೆ ನಿಲ್ಲಲು ಆಕೆಯ ಮಂಡಿಗೂ ಶಕ್ತಿಯಿರಲಿಲ್ಲ, ಮುಖಕ್ಕೂ ಇರಲಿಲ್ಲ. ಉಳಿದದ್ದು ಒಂದೇ ದಾರಿ. ಆರು ಗಂಟೆಗೆ ಮೊದಲು ಮೂವರ ಲೇನಿನಲ್ಲಿ ಒಬ್ಬರೇ ಹೋದರೂ ಕೇಳುವವರಿಲ್ಲ. ಮೂರೂವರೆಗೆ ಎದ್ದು ನಾಲ್ಕೂ ಇಪ್ಪತ್ತಕ್ಕೆ ಹೊರಡತೊಡಗಿದಳು.

ಆಗಲೂ ಕಾರಿನಲ್ಲಿ ಕೂತು ಕಣ್ಣು ಮುಚ್ಚುತ್ತಿದ್ದಳು. ಇಬ್ಬರು ಕೂರ್ತಾರೆ ಎಂದು ಹೇಳಲು ಬಾಯಿ ಬರುತ್ತಿರಲಿಲ್ಲ. ಸುಮ್ಮನೆ ಕೂತು, ಕಣ್ಣು ತೆರೆದು, ಹೊರಡುತ್ತಿದ್ದಳು.

ಐದು ಗಂಟೆಗೇ ಬಾಗಿಲಲ್ಲಿ ನಿಂತ ಆಕೆಯನ್ನು ನೋಡಿ ಓಗಲ್‌ಟ್ರೀ ತಲೆ ಕೆರೆದುಕೊಂಡ. "ಏನು ಮಿಸ್ ಪುಲಿಯಮ್, ನಿಮ್ಮ ಮನೇಲಿ ಹಾಸಿಗೆಗೆ ಮುಳ್ಳು ಬಂದಿದೆಯಾ?"

"ಎದ್ದೇಳಿ. ನಾನು ಕೂರ್ತೀನಿ, ನೀವು ಮನೆಗೆ ಹೋಗಿ."

"ಪಾಳಿ ಮುಗಿಯೋಕೆ ಎರಡೂವರೆ ಗಂಟೆ ಇದೆ."

"ಎರಡು ಸಲ ನನ್ನಿಂದ ನೀವು ಕಾದಿದ್ದೀರಲ್ಲ. ಹೋಗಿ."

ಅವನು ಹೋಗಲಿಲ್ಲ. ಕಾಫಿ ಮಾಡಿ ತಂದು ಪಕ್ಕದಲ್ಲಿ ಕೂತ. ಇಡೀ ಕಥೆ ಕೇಳಿಸಿಕೊಂಡ. ಕೊನೆಗೆ ಹೇಳಿದ, "ಯೇಸುಸ್ವಾಮಿ ಜೆರೂಸಲೇಮಿಗೆ ಕತ್ತೆ ಮೇಲೆ ಹೋದ, ಒಬ್ಬನೇ. ದಾರಿಯಲ್ಲಿ ಇನ್ನಿಬ್ಬರನ್ನ ಹತ್ತಿಸ್ಕೋ ಅಂತ ಅವನಿಗೆ ಯಾರೂ ಹೇಳಲಿಲ್ಲ."

ಆರ್ನೆಟಾ ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡಳು. "ಅವನು ಡಬ್ಬಾನೂ ಹೇರ್ಕೊಂಡಿರಲಿಲ್ಲ" ಎಂದಳು.

ಫೆಬ್ರವರಿಯ ಒಂದು ಸಂಜೆ ಚಪ್ಪಲಿ ಅಂಗಡಿಯ ಬಯಲಿಗೆ ಹೋಗಿ, ತನ್ನ ಕಾರಿನ ಕಡೆ ಹೊರಟಿದ್ದ ಡೆನ್ಸಿಲ್‌ನನ್ನು ತಡೆದಳು. ಈಗ ಕೆಲಸಕ್ಕೆ ಹೇಗೆ ಹೋಗ್ತೀರಿ ಎಂದು ಅವನು ಕೇಳಿದ್ದಕ್ಕೆ ಚೀಟಿಗಳ ವಿಷಯ ಹೇಳಿ, ಹುಡುಗಿಯ ಮನೆ ಎಲ್ಲಿ ಎಂದು ಕೇಳಿದಳು.

"ಕ್ಷಮೆ ಕೇಳೋಕೆ ಹೋಗ್ತೀರಾ, ನಿಮ್ಮ ಮನಸ್ಸು ಹಗುರ ಮಾಡ್ಕೊಳೋಕೆ ಹೋಗ್ತೀರಾ?"

"ಗೊತ್ತಿಲ್ಲ ಸಾರ್ಜೆಂಟ್."

"ಅವಳನ್ನ ಕೇಳಿ ಹೇಳ್ತೀನಿ" ಎಂದ. ಎರಡು ದಿನ ಬಿಟ್ಟು ವಿಳಾಸ ಬಂತು.

ಶನಿವಾರ ಮಧ್ಯಾಹ್ನ ಟ್ವೈಲಾ ಬಾಗಿಲು ತೆಗೆದಳು. ಬಲಗೈಗೆ ಮೊಣಕೈವರೆಗೆ ಪ್ಲಾಸ್ಟರು. ಇಪ್ಪತ್ತಾರು ವರ್ಷವಿರಬಹುದು, ಹತ್ತಿರದಿಂದ ಇನ್ನೂ ಚಿಕ್ಕವಳಾಗಿ ಕಾಣುತ್ತಿದ್ದಳು. ಆರ್ನೆಟಾಳ ಕೈಯಲ್ಲಿದ್ದ ಚೀಲ ನೋಡಿ, "ಡಬ್ಬ ತಂದಿಲ್ಲ ತಾನೇ?" ಎಂದಳು.

"ಇಲ್ಲಮ್ಮ. ಕೇಕು. ಮನೇಲಿ ಮಾಡಿದ್ದು."

"ಕೂತ್ಕೊಳ್ಳಿ."

ಆರ್ನೆಟಾ ಕುರ್ಚಿಯ ಅಂಚಿನಲ್ಲಿ ಕೂತಳು. "ಐಸ್ ಇತ್ತು, ಕೆಲಸಕ್ಕೆ..." ಎಂದು ಶುರುಮಾಡಿದಳು.

ಟ್ವೈಲಾ ತಡೆದಳು. "ನನಗೆ ನಿಯಮ ಗಿಯಮ ಏನೂ ಗೊತ್ತಿರಲಿಲ್ಲ. ಸಾರ್ಜೆಂಟ್ ಆಮೇಲೆ ಹೇಳಿದ್ರು. ಆದ್ರೆ ಅವತ್ತು ನಾನು ನಿಮ್ಮ ಮುಖ ನೋಡ್ತಿದ್ದೆ. ನೀವು ಮೊದಲು ಡಬ್ಬ ನೋಡಿದ್ರಿ. ಆಮೇಲೆ ನನ್ನ ನೋಡಿದ್ರಿ. ಆಮೇಲೆ ಗಡಿಯಾರ ನೋಡಿದ್ರಿ."

"ಹೌದು" ಎಂದಳು ಆರ್ನೆಟಾ. "ಹಾಗೇ ನೋಡಿದೆ."

ಟ್ವೈಲಾ ಟೈಪಿಸ್ಟು, ದಿನಗೂಲಿಯ ಲೆಕ್ಕದಲ್ಲಿ ಇದ್ದವಳು. ಕೈ ಮುರಿದ ದಿನವೇ ಆ ಜಾಗಕ್ಕೆ ಬೇರೆಯವರನ್ನು ಕಳಿಸಿದ್ದರಂತೆ. ಕೈ ಸರಿಯಾದ ಮೇಲೆ ಬೇರೆ ಕಡೆ ಹಾಕುತ್ತೇವೆ ಎಂದಿದ್ದಾರಂತೆ. ಅದನ್ನು ಅವಳು ದೂರಿನ ಹಾಗೆ ಹೇಳಲಿಲ್ಲ, ಹವಾಮಾನದ ಸುದ್ದಿಯ ಹಾಗೆ ಹೇಳಿದಳು. ಆಮೇಲೆ ಬಾಗಿಲ ಬಳಿ ಇದ್ದ ಬೂಟುಗಳನ್ನು ಎಡಗೈಯಲ್ಲಿ ಎತ್ತಿ ತಂದಳು.

"ಅಂಗಡಿಗೆ ಹೋಗ್ಬೇಕು. ಒಂದು ಕೈಯಲ್ಲಿ ಲೇಸು ಕಟ್ಟೋಕಾಗಲ್ಲ. ಬಂದಿದ್ದೀರಲ್ಲ, ಕಟ್ಟಿ."

ಆರ್ನೆಟಾ ನೆಲದ ಮೇಲೆ ಮಂಡಿಯೂರಿದಳು. ನೋವು ನೆತ್ತಿಗೇರಿತು. ಎರಡು ಬೂಟಿನ ಲೇಸನ್ನೂ ಬಿಚ್ಚಿಹೋಗದಂತೆ ಎರಡು ಗಂಟು ಹಾಕಿ ಕಟ್ಟಿದಳು. ಏಳುವಾಗ ಟ್ವೈಲಾಳೇ ಎಡಗೈ ಕೊಟ್ಟು ಎಬ್ಬಿಸಿದಳು. ಕ್ಷಮಿಸಿದ್ದೇನೆ ಎಂದು ಅವಳೂ ಹೇಳಲಿಲ್ಲ, ಕ್ಷಮಿಸು ಎಂದು ಆರ್ನೆಟಾಳೂ ಬಾಯಿಬಿಟ್ಟು ಕೇಳಲಿಲ್ಲ.

ಮಾರ್ಚ್ ಬರುವ ಹೊತ್ತಿಗೆ ಆರ್ನೆಟಾಳ ಮೈ ಸೋತುಹೋಗಿತ್ತು. ಸಂಜೆ ಸಾಮಾನ್ಯ ಲೇನಿನಲ್ಲಿ ಎರಡು ಗಂಟೆ ಕೂತು ಮನೆಗೆ ಬಂದು, ಏನೋ ಬಿಸಿಮಾಡಿ ತಿಂದು, ಎಂಟಕ್ಕೆ ಮಲಗಿದರೂ ನಿದ್ದೆ ಹತ್ತುತ್ತಿರಲಿಲ್ಲ. ಬುಧವಾರದ ಪ್ರಾರ್ಥನಾ ಸಭೆ ತಪ್ಪಿತು. ಬೋರ್ಡಿನ ಮುಂದೆ ಕೂತು ಯಾರಿಗೋ ಕೊಡಬೇಕಾದ ಕರೆಯನ್ನು ಇನ್ಯಾರಿಗೋ ಕೊಟ್ಟಳು. ಕನ್ನಡಿಯಲ್ಲಿ ಮುಖ ನೋಡಿಕೊಂಡರೆ ಯಾವುದೋ ಹಳೆಯ ಫೋಟೋದ ಅಜ್ಜಿಯ ಹಾಗೆ ಕಾಣುತ್ತಿತ್ತು.

ಒಂದು ಬೆಳಗಿನ ಜಾವ ಮೂವರ ಲೇನಿನಲ್ಲಿ ಹಿಂದಿನಿಂದ ಯಾರೋ ಕಣ್ಣಿಗೆ ಟಾರ್ಚು ಬಿಟ್ಟ ಹಾಗಾಯಿತು. ಬೆಳಕು ಹೋಯಿತು, ಬಂತು, ಹೋಯಿತು, ಬಂತು. ಆಮೇಲೆ ಕಿವಿ ಹರಿಯುವ ಹಾರ್ನು. ಒಂದು ಲಾರಿ ಬಲಗಡೆಯಿಂದ ಆಕೆಯನ್ನು ದಾಟಿಕೊಂಡು ಹೋಯಿತು. ಡ್ರೈವರು ಕೈ ಎತ್ತಿ ಏನೋ ಬೈದ. ಆರ್ನೆಟಾ ನೋಡಿಕೊಂಡಳು. ಎಡಗಡೆ ಲೇನಿನಲ್ಲಿ ಇದ್ದಳು, ವೇಗ ನಲವತ್ತು. ಯಾವಾಗ ಎಡಕ್ಕೆ ಬಂದೆ, ಎಷ್ಟು ಹೊತ್ತಿನಿಂದ ಇಲ್ಲಿದ್ದೇನೆ ಎಂಬುದೇ ನೆನಪಿರಲಿಲ್ಲ. ಕಣ್ಣು ತೆರೆದೇ ನಿದ್ದೆ ಮಾಡಿದ್ದಳು.

ರಸ್ತೆ ಇಳಿದು ಒಂದು ಬಂಕಿನಲ್ಲಿ ಕಾರು ನಿಲ್ಲಿಸಿದಳು. ಹೀಗೇ ಹೋದರೆ ಜೂನ್‌ವರೆಗೆ ಉಳಿಯುವುದಿಲ್ಲ, ಇನ್ಯಾರನ್ನಾದರೂ ಜೊತೆಗೆ ಕರೆದುಕೊಂಡೇ ಹೋಗುತ್ತೇನೆ ಎಂದು ತಿಳಿಯಿತು. ನಾಚಿಕೆ ಉಳಿಸಿಕೊಳ್ಳಲು ಹೋಗಿ ಪರರ ಪ್ರಾಣದ ಜೊತೆ ಆಡುವುದು ಯಾವ ಪ್ರಾಯಶ್ಚಿತ್ತ? ಸಾಲಿಗೆ ಮತ್ತೆ ಹೋಗಬೇಕು. ಹತ್ತಿದರೆ ಹತ್ತಲಿ. ಹತ್ತದಿದ್ದರೆ ಸಾಮಾನ್ಯ ಲೇನು, ಮೂರನೆಯ ಚೀಟಿ. ಅದೂ ಆಗಲಿ.

ಮಾರ್ಚ್ ಕೊನೆಯ ಸೋಮವಾರ, ಆರೂ ಹತ್ತು. ಕಾರುಗಳ ಸಾಲಿನಲ್ಲಿ ಆಕೆಯದು ಐದನೆಯದು. ಒಂದೊಂದೇ ಕಾರು ಮುಂದೆ ಸರಿಯಿತು. ಸರದಿ ಬಂದಾಗ ಸಾಲಿನ ಮುಂದೆ ನಿಂತಿದ್ದವಳು ಟ್ವೈಲಾ. ಕೈಯಲ್ಲಿ ಪ್ಲಾಸ್ಟರಿರಲಿಲ್ಲ. ಅವಳ ಹಿಂದೆ ಡೆನ್ಸಿಲ್, ಅವನ ಹಿಂದೆ ಏಳೆಂಟು ಜನ.

ಆರ್ನೆಟಾ ಕಿಟಕಿ ಇಳಿಸಿದಳು. "ಹದಿನಾಲ್ಕನೇ ಬೀದಿ" ಎಂದಳು.

ಟ್ವೈಲಾ ಮುಂದಿನ ಬಾಗಿಲು ತೆಗೆದು ಕೂತಳು, ಬೆಲ್ಟು ಹಾಕಿಕೊಂಡಳು. ಮಣಿಕಟ್ಟು ಇನ್ನೂ ಬಿಗಿಯಾಗಿತ್ತೇನೋ, ಎರಡು ಸಲ ಪ್ರಯತ್ನ ಪಡಬೇಕಾಯಿತು. ಡೆನ್ಸಿಲ್ ನಿಂತೇ ಇದ್ದ. ಬಗ್ಗಿ ಹಿಂದಿನ ಸೀಟು ನೋಡಿದ. ತಿರುಗಿ ಸಾಲನ್ನು ನೋಡಿದ. ಆಮೇಲೆ ಹತ್ತಿ ಬಾಗಿಲು ಹಾಕಿಕೊಂಡ.

ಮೂವರ ಲೇನಿಗೆ ಕಾರು ಸೇರಿತು. ಅರ್ಧ ದಾರಿಗೆ ಬಂದಾಗ ಹಿಂದಿನಿಂದ ಗೊರಕೆ ಕೇಳಿಸಿತು. ಟ್ವೈಲಾ ಕೈ ಅಡ್ಡ ಹಿಡಿದು ನಕ್ಕಳು. ಆರ್ನೆಟಾ ರೇಡಿಯೋ ಇನ್ನೂ ಸಣ್ಣಗೆ ಮಾಡಿದಳು.

ಹದಿನಾಲ್ಕನೇ ಬೀದಿಯಲ್ಲಿ ಡೆನ್ಸಿಲ್ ಇಳಿದ. "ಥ್ಯಾಂಕ್ಸ್ ಮಿಸ್ ಪುಲಿಯಮ್" ಎಂದು ಟೋಪಿ ಮುಟ್ಟಿ ಹೋದ. ಟ್ವೈಲಾ ಇಳಿದು ಬಾಗಿಲು ಹಾಕಿದವಳು, ಹೋಗದೆ ಕಿಟಕಿಗೆ ಬಗ್ಗಿದಳು.

"ಮಿಸ್ ಆರ್ನೆಟಾ, ಒಂದು ಮಾತು. ನಾನಿಲ್ಲದೆ ಇದ್ರೆ ಇವತ್ತು ಯಾರೂ ಹತ್ತುತಿರಲಿಲ್ಲ. ಸಾರ್ಜೆಂಟ್ ಕೂಡ ಹತ್ತುತಿರಲಿಲ್ಲ."

"ಗೊತ್ತು ಮಗಳೇ."

"ಮೂರನೇ ಚೀಟಿ ಬಂದ್ರೆ ನಿಮ್ಮ ಕೆಲಸ ಹೋಗುತ್ತಂತಲ್ಲ, ಸಾರ್ಜೆಂಟ್ ಹೇಳಿದ್ರು. ನೋಡಿ, ನಾಳೆಯಿಂದ ನಾನು ನಿಮಗೋಸ್ಕರಾನೇ ನಿಲ್ತೀನಿ. ಬೇರೆ ಗಾಡಿ ಬಂದ್ರೆ ಹಿಂದಿನವರಿಗೆ ಬಿಟ್ಟುಕೊಡ್ತೀನಿ. ನೀವು ಬಂದಾಗ ನಾನು ಹತ್ತಿದ್ರೆ, ನನ್ನ ನೋಡಿ ಇನ್ನೊಬ್ಬರು ಹತ್ತೇ ಹತ್ತುತಾರೆ. ಎಲ್ಲರೂ ಮರೆಯೋ ತನಕ ಅಷ್ಟೇ. ಜೂನ್‌ವರೆಗೆ."

ಆರ್ನೆಟಾ ಆ ಮುಖವನ್ನು ನೋಡಿದಳು. ಎರಡು ತಿಂಗಳಿಂದ ಇಂಥದ್ದೊಂದು ಮಾತಿಗಾಗಿ ಎಷ್ಟು ಹಸಿದಿದ್ದೆ ಎಂದು ಆಗ ಗೊತ್ತಾಯಿತು. ಹೂಂ ಎಂದರೆ ಸಾಕಿತ್ತು.

"ಬೇಡಮ್ಮ" ಎಂದಳು.

"ಯಾಕೆ?"

"ಐಸ್ ಬಿದ್ದು, ನನ್ನ ಗಾಡಿ ಕೆಟ್ಟು, ನಾನು ಬರದೇ ಹೋದ್ರೆ? ನೀನು ಬಂದ ಗಾಡಿಯೆಲ್ಲ ಬಿಟ್ಟುಕೊಟ್ಟು ಕೊನೆಗೆ ಅಲ್ಲಿ ಒಬ್ಬಳೇ ಉಳೀತೀಯ. ಅದೂ ನನಗೋಸ್ಕರ."

"ಹಾಗಾದ್ರೆ ನಾಳೆ ಯಾರೂ ಹತ್ತದೇ ಇದ್ರೆ ಏನು ಮಾಡ್ತೀರಿ?"

"ಹತ್ತದೇ ಇದ್ರೆ ಸಾಮಾನ್ಯ ಲೇನಲ್ಲಿ ಹೋಗ್ತೀನಿ. ನೀನು ಯಾವ ಗಾಡಿ ಮೊದಲು ಬರುತ್ತೋ ಅದನ್ನೇ ಹತ್ತು ಮಗಳೇ."